ಎಂಟು ಹಲ್ಲಿನ ಕಾರು

ಚೌಕಾಸಿ ಮಾಡುವುದನ್ನು ನಮಗೆ ಯಾರೂ ಶಾಲೆಯಲ್ಲಿ ಹೇಳಿಕೊಟ್ಟಿಲ್ಲ. ಆದರೂ ಮದುವೆಯಾಗಿ ವರ್ಷ ಕಳೆಯುವಷ್ಟರಲ್ಲಿ ಸೊಪ್ಪಿನವಳ ಹತ್ತಿರ ಕಟ್ಟಿಗೆ ಎಷ್ಟು ಇಳಿಸಬಹುದು, ಹೂವಿನವಳ ಮೊಳ ಎಷ್ಟು ಗಿಡ್ಡ, ಮಾವಿನಹಣ್ಣಿನವನು "ನಿಮಗೆ ಅಂತ ಈ ರೇಟು" ಅಂದರೆ ಅದರಲ್ಲಿ ಎಷ್ಟು ನಿಜ ಎಂಬುದೆಲ್ಲ ಬಂದುಬಿಟ್ಟಿರುತ್ತದೆ. ಎರಡು ರೂಪಾಯಿ ಉಳಿಸಲು ನಾನು ಇಪ್ಪತ್ತು ರೂಪಾಯಿಯ ಮಾತು ಖರ್ಚು ಮಾಡುತ್ತೇನೆ ಅನ್ನುವುದು ನಮ್ಮವರ ದೂರು. ಇರಲಿ ಬಿಡಿ, ಮಾತಿಗೇನು ದುಡ್ಡು ಕೊಡಬೇಕೆ?

ಸೊಪ್ಪಿನ ಬೆಲೆ ಕಟ್ಟುವುದು ಸುಲಭ. ಪಕ್ಕದ ಬೀದಿಯಲ್ಲಿ ಇನ್ನೊಬ್ಬಳು ಅದೇ ಸೊಪ್ಪು ಇಟ್ಟುಕೊಂಡು ಕೂತಿರುತ್ತಾಳೆ. ಆದರೆ ಅಂಗಡಿಯಲ್ಲಿ ಸಿಗದ, ಹಳೆಯದಾದ, ಯಾರದೋ ಪ್ರೀತಿ ಅಂಟಿಕೊಂಡಿರುವ ವಸ್ತುವಿಗೆ ಹೇಗೆ ಬೆಲೆ ಕಟ್ಟುತ್ತೀರಿ? 2023ರ ಬೇಸಿಗೆಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಗಳ ಮನೆಗೆ ಹೋಗಿದ್ದಾಗ ಒಂದು ಹಳೆಯ ಸ್ಪೋರ್ಟ್ಸ್ ಕಾರಿನಿಂದಾಗಿ ಈ ಪ್ರಶ್ನೆ ಮನೆಯೊಳಗೇ ಬಂದು ಕೂತುಬಿಟ್ಟಿತು.

ಮಗಳಿಗೆ ಆಗ ನಲವತ್ತು. ಮನೆಯಲ್ಲಿ ಆಗಲೇ ಎರಡು ಕಾರು. ಸಾಲದೆಂದು ಅವಳಿಗೆ ಮಾಜ್ದಾ ಮಿಯಾಟಾ ಎಂಬ ಪುಟ್ಟ ಕಾರಿನ ಮೇಲೆ ಕಣ್ಣು. ಕೆಲಸಕ್ಕೆ ಸೇರಿದ ದಿನದಿಂದ ಇದ್ದ ಆಸೆಯಂತೆ. ಇಬ್ಬರೇ ಕೂರಬಹುದು. ಮೇಲೆ ಬಟ್ಟೆಯ ಮಾಡು, ಬೇಕಾದಾಗ ಹಿಂದಕ್ಕೆ ಮಡಚಬಹುದು. ಡಿಕ್ಕಿಯಲ್ಲಿ ಒಂದು ಅಕ್ಕಿ ಮೂಟೆ ಸರಿಯಾಗಿ ಹಿಡಿಯುವುದಿಲ್ಲ. "ಇದಕ್ಕೆ ಯಾಕೇ ದುಡ್ಡು ಸುರಿಯೋದು?" ಅಂದೆ. "ಅಮ್ಮಾ, ನಿನ್ನ ಪಟ್ಟಿ ಸೀರೇಲಿ ಅಡಿಗೆ ಮಾಡ್ತೀಯಾ? ಮತ್ತೆ ಯಾಕೆ ತಗೊಂಡೆ?" ಅಂದಳು. ಮಕ್ಕಳು ಬೆಳೆದ ಮೇಲೆ ಇದೊಂದು ತೊಂದರೆ, ನಮ್ಮ ಬಾಣವನ್ನೇ ನಮಗೆ ತಿರುಗಿಸುತ್ತಾರೆ.

ಆ ಕಾರಿನ ಕಥೆಯನ್ನು ಅವಳು ಒಂದು ಸಂಜೆ ಪೂರ್ತಿ ಹೇಳಿದಳು. ಹಿಂದೆ ಇಂಗ್ಲೆಂಡಿನವರು ಇಂಥ ಪುಟ್ಟ ಬಿಚ್ಚುಮಾಡಿನ ಕಾರುಗಳನ್ನು ಮಾಡುತ್ತಿದ್ದರು. ಓಡಿಸಲು ಸೊಗಸು, ಆದರೆ ಎಣ್ಣೆ ಸೋರುವುದು, ಮಳೆಯಲ್ಲಿ ನಿಂತುಬಿಡುವುದು ಮಾಮೂಲು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವು ಒಂದೊಂದಾಗಿ ನಿಂತುಹೋಗುತ್ತಿದ್ದವು. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ, ಮಾಜ್ದಾ ಕಂಪನಿಯ ಕೆನಿಚಿ ಯಾಮಾಮೊಟೊ ಅವರಿಗೆ, ಅಂಥದೇ ಕಾರನ್ನು ನೀವು ಮಾಡಬಾರದೇಕೆ ಎಂದು ಕೇಳಿದನಂತೆ. ಹಿರೋಷಿಮಾದ ಆ ಕಂಪನಿ ಹತ್ತು ವರ್ಷದ ಮೇಲೆ, 1989ರ ಫೆಬ್ರವರಿಯಲ್ಲಿ, ಷಿಕಾಗೋದ ಪ್ರದರ್ಶನದಲ್ಲಿ ಮಿಯಾಟಾವನ್ನು ತಂದು ನಿಲ್ಲಿಸಿತು. ಗುಂಡಿ ಒತ್ತಿದರೆ ಮುಚ್ಚಿದ ಕಣ್ಣು ತೆರೆದಂತೆ ದೀಪಗಳು ಮೇಲೇಳುತ್ತವೆ. ಬೆಲೆ 13,800 ಡಾಲರಿನಿಂದ ಶುರು. ಮೊದಲ ವರ್ಷ ಜನ ಅದರ ಮೇಲೆ ಇನ್ನೂ ಸಾವಿರಗಟ್ಟಲೆ ಕೊಟ್ಟು ಕೊಂಡರಂತೆ. 2016ರ ಹೊತ್ತಿಗೆ ಇಂಥವು ಹತ್ತು ಲಕ್ಷ ತಯಾರಾಗಿದ್ದವು.

"ಹತ್ತು ಲಕ್ಷ ಇದ್ದರೆ ಅದು ಅಪರೂಪ ಹೇಗೇ?" ಎಂದು ಕೇಳಿದೆ. ನ್ಯಾಯವಾದ ಪ್ರಶ್ನೆಯೇ. ಮೊದಮೊದಲಿನವು ಅಗ್ಗವಾಗುತ್ತ ಬಂದಂತೆ ಕಾಲೇಜು ಹುಡುಗರ ಕೈಗೆ ಹೋದವು. ಕೆಲವನ್ನು ಪಂದ್ಯಕ್ಕೆಂದು ಕುಯ್ದರು, ಕೆಲವಕ್ಕೆ ಬೇರೆ ಬಣ್ಣ ಬಳಿದರು. ಹಿಮ ಬೀಳುವ ಊರುಗಳಲ್ಲಿ ರಸ್ತೆಗೆ ಉಪ್ಪು ಎರಚುತ್ತಾರಲ್ಲ, ಆ ಉಪ್ಪು ಇನ್ನು ಕೆಲವನ್ನು ತಿಂದುಹಾಕಿತು. ಹುಟ್ಟಿದಾಗ ಹೇಗಿತ್ತೋ ಹಾಗೇ ಉಳಿದುಕೊಂಡದ್ದು ಕಡಿಮೆ. ಅದರಲ್ಲೂ 1991ರಲ್ಲಿ ಕಡುಹಸಿರು ಬಣ್ಣ, ಕಂದು ಚರ್ಮದ ಸೀಟು, ಮರದ ಗೇರುಗುಂಡು ಇಟ್ಟು ಸುಮಾರು 4,000 ಮಾತ್ರ ಮಾಡಿದರು. ಮಗಳಿಗೆ ಬೇಕಾಗಿದ್ದದ್ದು ಅದೇ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಸುಲಭವಾಗಿ ಸಿಗುವುದು ಯಾವತ್ತೂ ಬೇಡ.

ಬೆಲೆ ಕಟ್ಟುವುದರಲ್ಲಿ ಅವಳು ಮಾಡಿದ ಮೊದಲ ಕೆಲಸ ನನಗೆ ಮೆಚ್ಚುಗೆಯಾಯಿತು. ಜನ ಕೇಳುತ್ತಿರುವ ಬೆಲೆಯನ್ನು ಅವಳು ನೋಡಲೇ ಇಲ್ಲ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ನಮ್ಮ ಪಕ್ಕದ ಸೈಟಿನವರು ಎಂಟು ವರ್ಷದಿಂದ ಕೋಟಿ ಕೇಳುತ್ತಲೇ ಇದ್ದಾರೆ, ಅದರಲ್ಲಿ ಪಾರ್ಥೇನಿಯಂ ಬೆಳೆಯುತ್ತಲೇ ಇದೆ. ಹಿಂದಿನ ಒಂದು ವರ್ಷದಲ್ಲಿ ಹರಾಜಿನಲ್ಲಿ ನಿಜವಾಗಿ ಕೈಬದಲಾದ ಹಸಿರು ಕಾರುಗಳು ಎಷ್ಟಕ್ಕೆ ಹೋದವು ಎಂದು ಒಂದೊಂದಾಗಿ ಬರೆದುಕೊಂಡಳು. ಒಂದೆರಡು ತೀರ ಹೆಚ್ಚಿಗೆ ಹೋಗಿದ್ದವು. ಇಬ್ಬರು ಹಠಮಾರಿಗಳು ಎದುರುಬದುರು ಕೂತರೆ ಹಾಗಾಗುತ್ತದೆ ಎಂದು ಅವನ್ನು ಹೊಡೆದುಹಾಕಿದಳು. ತೀರ ಅಗ್ಗದವನ್ನೂ ಬಿಟ್ಟಳು. ಆಮೇಲೆ ಹ್ಯಾಗರ್ಟಿ ಎಂಬ ಕಂಪನಿಯ ದರಪಟ್ಟಿ ತೆಗೆದಳು. ಅವರು ಹಳೆಯ ಕಾರುಗಳಿಗೆ ವಿಮೆ ಮಾಡುವವರು. ಕಾರುಗಳನ್ನು ನಾಲ್ಕು ದರ್ಜೆಗೆ ಹಾಕುತ್ತಾರೆ. ಒಂದನೆಯದು ಪ್ರದರ್ಶನಕ್ಕಿಡುವಂಥದ್ದು, ಎರಡನೆಯದು ಅತ್ಯುತ್ತಮ, ಮೂರನೆಯದು ಚೆನ್ನಾಗಿರುವುದು, ನಾಲ್ಕನೆಯದು ಏನೋ ಓಡುತ್ತದೆ ಅನ್ನುವಂಥದ್ದು. ಮಾರುವವರೆಲ್ಲ ತಮ್ಮದು ಎರಡನೆಯದು ಅನ್ನುತ್ತಾರೆ, ಹೆಚ್ಚಿನವು ಮೂರನೆಯವೇ ಆಗಿರುತ್ತವೆ ಎಂದು ನಕ್ಕಳು. ಗಂಡು ನೋಡಲು ಹೊರಟವರಿಗೂ ಇಂಥದೊಂದು ಪಟ್ಟಿ ಇದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎನಿಸಿತು.

ಎಲ್ಲ ತೂಗಿ ನೋಡಿ, ಮೂರನೆಯ ದರ್ಜೆಯದು, ಕೈಕೆಲಸ ಏನೂ ಬಾಕಿ ಇಲ್ಲದ್ದು, ಜೊತೆಗೆ ಗಟ್ಟಿ ಮಾಡೂ ಇದ್ದರೆ 11,500 ಡಾಲರ್ ಎಂದು ಒಂದು ಕಡೆ ಬರೆದಿಟ್ಟಳು. ಗಟ್ಟಿ ಮಾಡು ಅಂದರೆ ಚಳಿಗಾಲದಲ್ಲಿ ಬಟ್ಟೆಯ ಮಾಡಿನ ಬದಲು ಕೂರಿಸುವ ಮುಚ್ಚಳ. ಹೊಸ ಕಾರಿನ ಜೊತೆ ಅದನ್ನು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಾಗಿತ್ತು, ಎಲ್ಲರೂ ಕೊಳ್ಳಲಿಲ್ಲ. ಹಾಗಾಗಿ ಬರಿಯ ಮುಚ್ಚಳಕ್ಕೇ ಎರಡು ಸಾವಿರ ಡಾಲರಿನ ಮೇಲೆ ಬೆಲೆ. ಇಷ್ಟೆಲ್ಲ ಲೆಕ್ಕ ಹಾಕಿದವಳು ತಾನು ಕೂಡಿಟ್ಟಿದ್ದು ಮಾತ್ರ 9,000. ರಿಪೇರಿ ಖರ್ಚೂ ಅದರಲ್ಲೇ ಬರಬೇಕು. ಮನೆಯ ದುಡ್ಡಿಗೆ ಕೈ ಹಾಕುವುದಿಲ್ಲ ಎಂದು ಅವಳೇ ಹಾಕಿಕೊಂಡ ಗೆರೆ.

ಅಂಥ ಹೊತ್ತಿನಲ್ಲಿ ಅವರ ಊರಿನ ಗ್ರಂಥಾಲಯದ ಸೂಚನಾ ಫಲಕದಲ್ಲಿ ಒಂದು ಚೀಟಿ ಕಾಣಿಸಿತು. ಕೈಯಲ್ಲಿ ಬರೆದದ್ದು. ಹಸಿರು ಮಿಯಾಟಾ, 1991, ಬೆಲೆ 6,000. ನಮ್ಮ ಲೆಕ್ಕದಲ್ಲಿ ಐದು ಲಕ್ಷ ರೂಪಾಯಿಗೆ ಸ್ವಲ್ಪ ಕಡಿಮೆ. ಮಗಳು ಆ ಚೀಟಿಯನ್ನು ಮೂರು ಸಲ ಓದಿದಳು.

ಪರಿಚಯದ ಮೆಕ್ಯಾನಿಕ್ ಒಬ್ಬನಿಗೆ 150 ಡಾಲರ್ ಕೊಡುವುದಾಗಿ ಹೇಳಿ ಜೊತೆಗೆ ಕರೆದುಕೊಂಡು ಹೋದೆವು. ಬಾಗಿಲು ತೆರೆದವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಗಂಡ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ಕಾರು ಅವರದು. ಚಳಿಗಾಲದಲ್ಲಿ ಒಂದು ದಿನವೂ ಹೊರಗೆ ತೆಗೆದವರಲ್ಲ. ಪೆಟ್ರೋಲು ಹಾಕಿಸಿದ್ದನ್ನೆಲ್ಲ ತಾರೀಕು, ಮೈಲಿ ಸಮೇತ ಒಂದು ನೋಟುಪುಸ್ತಕದಲ್ಲಿ ಬರೆದಿದ್ದರು. ಕೊನೆಯ ಸಾಲಿನಲ್ಲಿ 61,000 ಚಿಲ್ಲರೆ ಮೈಲಿ ಇತ್ತು. ಮಗಳು ಆ ಪುಸ್ತಕವನ್ನು ಕಾರಿಗಿಂತ ಹೆಚ್ಚು ಹೊತ್ತು ನೋಡಿದಳು. ಮೈಲಿಯ ಮುಳ್ಳು ಸುಳ್ಳು ಹೇಳಬಹುದು, ಇಷ್ಟು ವರ್ಷ ದಿನದಿನ ಬರೆದ ಪುಸ್ತಕ ಹೇಳುವುದಿಲ್ಲ ಅಂತ.

ಮೆಕ್ಯಾನಿಕ್ ನನ್ನ ಕೈಗೊಂದು ಕೆಲಸ ಕೊಟ್ಟ. ಮಗಳ ಮನೆಯ ಫ್ರಿಜ್ಜಿಗೆ ಅಂಟಿಸಿದ್ದ ಅಯಸ್ಕಾಂತವೊಂದನ್ನು ತಂದಿದ್ದೆವು. ಅದಕ್ಕೆ ತೆಳುಬಟ್ಟೆ ಸುತ್ತಿ ಕಾರಿನ ಮೈಮೇಲೆ ಅಲ್ಲಲ್ಲಿ ಇಟ್ಟು ನೋಡಬೇಕು. ತುಕ್ಕು ಹಿಡಿದ ಕಡೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರೆ ಅಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲ. ನಾನು ಮುಂದಿನ ಬಾನೆಟ್ಟಿನ ಮೇಲಿಟ್ಟೆ, ಜಾರಿ ಬಿತ್ತು. ಇನ್ನೊಂದು ಕಡೆ ಇಟ್ಟೆ, ಅಲ್ಲೂ ಬಿತ್ತು. "ಅಯ್ಯೋ, ಇದು ಪೂರ್ತಿ ಪುಟ್ಟಿನೇ ಕಣೇ!" ಎಂದು ಕನ್ನಡದಲ್ಲೇ ಕೂಗಿದೆ. ಮಗಳು ಬಿದ್ದು ಬಿದ್ದು ನಕ್ಕಳು. ತೂಕ ಕಡಿಮೆಯಾಗಲಿ ಎಂದು ಆ ಕಾರಿನ ಬಾನೆಟ್ಟನ್ನು ಕಂಪನಿಯವರೇ ಅಲ್ಯೂಮಿನಿಯಂನಲ್ಲಿ ಮಾಡಿದ್ದಾರಂತೆ. ಅಲ್ಯೂಮಿನಿಯಂ ಪಾತ್ರೆಗೆ ಅಯಸ್ಕಾಂತ ಹಿಡಿಯುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ವಿಷಯವೇ? ಕಾರಿಗೂ ಅದೇ ಲೋಹ ಹಾಕುತ್ತಾರೆಂದು ಯಾರಿಗೆ ಗೊತ್ತು.

ನಿಜವಾಗಿ ನೋಡಬೇಕಾದದ್ದು ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಮುಂಭಾಗ. ಬಟ್ಟೆಯ ಮಾಡಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರುವ ಎರಡು ಸಣ್ಣ ತೂತುಗಳಿಂದ ಇಳಿದು ಹೋಗಬೇಕು. ಒಣಗಿದ ಎಲೆ ಸೇರಿ ತೂತು ಕಟ್ಟಿಕೊಂಡರೆ ನೀರು ಒಳಗೇ ನಿಂತು, ಹೊರಗೆ ಏನೂ ಕಾಣದೆ, ಒಳಗಿನಿಂದ ತಿನ್ನುತ್ತ ಬರುತ್ತದೆ. ನಮ್ಮ ತುಮಕೂರಿನ ಹಳೇ ಮನೆಯ ತಾರಸಿ ಇದೇ ಕಥೆ. ದೋಣಿಗೆ ಬೇವಿನ ಎಲೆ ಕಟ್ಟಿಕೊಂಡು ಅಡುಗೆಮನೆಯ ಗೋಡೆ ಹಸಿರಾದ ಮೇಲೆ ನಮಗೆ ತಿಳಿದದ್ದು. ಇಲ್ಲಿ ಎರಡೂ ಕಡೆ ಅಯಸ್ಕಾಂತ ಗಟ್ಟಿಯಾಗಿ ಹಿಡಿಯಿತು. ಆ ಯಜಮಾನರು ತೂತುಗಳನ್ನೂ ಕಡ್ಡಿ ಹಾಕಿ ಶುಚಿ ಮಾಡಿಡುತ್ತಿದ್ದರಂತೆ.

ಟಯರುಗಳು ನೋಡಲು ಹೊಸದರಂತಿದ್ದವು. ಮೆಕ್ಯಾನಿಕ್ ಬಗ್ಗಿ ಅದರ ಬದಿಯ ನಾಲ್ಕು ಅಂಕಿ ಓದಿದ. 2210 ಎಂದಿತ್ತು. 2010ರ ಇಪ್ಪತ್ತೆರಡನೆಯ ವಾರದಲ್ಲಿ ಮಾಡಿದ್ದು ಎಂದು ಅರ್ಥ. ಸವೆಯದಿದ್ದರೂ ರಬ್ಬರು ಒಣಗಿ ಹೋಗಿರುತ್ತದೆ, ಬದಲಾಯಿಸಲೇಬೇಕು. ನಾಲ್ಕಕ್ಕೆ 500. ಬಟ್ಟೆಯ ಮಾಡಿನ ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿ ಬಿರುಕು ಬಿಟ್ಟಿತ್ತು, ಮಾಡಿಗೆ 1,100. ಎಂಜಿನ್ನಿನ ಟೈಮಿಂಗ್ ಬೆಲ್ಟನ್ನು 60,000 ಮೈಲಿಗೆ ಬದಲಾಯಿಸಬೇಕು, ಅದರ ಜೊತೆ ನೀರಿನ ಪಂಪು, 900. ಒಟ್ಟು 2,500.

ಆಮೇಲೆ ಅವನು ಎಂಜಿನ್ನಿನ ಮುಂದೆ ಟಾರ್ಚು ಬಿಟ್ಟು ಏನೋ ಎಣಿಸತೊಡಗಿದ. ಮೊದಮೊದಲ ಕಾರುಗಳಲ್ಲಿ ಕ್ರಾಂಕ್ ಎಂಬ ಉಕ್ಕಿನ ದಂಡದ ಮೂತಿ ಗಿಡ್ಡ, ಅದರ ಹಿಡಿತ ಸಡಿಲವಾಗಿ ಎಂಜಿನ್ನೇ ಕೆಡುವ ಭಯ. 1991ರ ನಡುವೆ ಅದನ್ನು ಸರಿಪಡಿಸಿದರು. ಮುಂದಿನ ಪುಲ್ಲಿಯಲ್ಲಿ ನಾಲ್ಕು ಸಂದು ಇದ್ದರೆ ಹಳೆಯ ಬಗೆ, ಎಂಟಿದ್ದರೆ ಹೊಸ ಬಗೆ. "ಎಂಟು" ಅಂದ ಅವನು. ನನಗೆ ತಟ್ಟನೆ ನಮ್ಮ ತಂದೆಯವರ ನೆನಪಾಯಿತು.

ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಅಪ್ಪ ನನ್ನನ್ನು ಒಂದೆರಡು ಸಲ ಕರೆದುಕೊಂಡು ಹೋಗಿದ್ದರು. ಹಳ್ಳಿಕಾರ್ ಎತ್ತಿನ ತುಟಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟಾದರೆ ಬಾಯಿ ಕೂಡಿತು ಎಂದು ಲೆಕ್ಕ. ಆಮೇಲೆ ಸುಳಿ ನೋಡುವುದು. ಸುಳಿ ಎಲ್ಲಿದ್ದರೂ ಎತ್ತು ಉಳುವುದು ಅಷ್ಟೇ, ಆದರೆ ಅದರ ಮೇಲೆ ಬೆಲೆ ಏರುವುದು, ಇಳಿಯುವುದು. ಈ ಕಾರಿನ ಹಸಿರು ಬಣ್ಣವೂ ಒಂದು ಸುಳಿಯೇ ಅಲ್ಲವೇ? ಎಲ್ಲ ಆದ ಮೇಲೆ ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು, ಬಾಯಿ ಬಿಡದೆ ವ್ಯಾಪಾರ. ಸುತ್ತ ನಿಂತವರಿಗೆ ಬೆಲೆ ತಿಳಿಯುತ್ತಿರಲಿಲ್ಲ. ಆ ಟವೆಲಿನ ಕೆಳಗೆ ಎರಡು ಕಡೆಯವರಿಗೂ ಎತ್ತಿನ ವಿಷಯ ಗೊತ್ತಿರುತ್ತಿತ್ತು ಎಂಬುದನ್ನು ಮಾತ್ರ ನಾನು ಆಗ ಗಮನಿಸಿರಲಿಲ್ಲ. ಅಂದಹಾಗೆ ಎತ್ತಿಗೆ ಎಂಟು ಹಲ್ಲಾದ ಮೇಲೆ ಬೆಲೆ ಇಳಿಮುಖ, ಕಾರಿಗೆ ಏರುಮುಖ.

ನೋಡುವುದೆಲ್ಲ ಮುಗಿಯಿತು ಅನ್ನುವಾಗ ಆಕೆ ಗ್ಯಾರೇಜಿನ ಗೋಡೆಗೆ ಒರಗಿಸಿ ಹಾಸಿಗೆಯ ಚಾದರ ಮುಚ್ಚಿದ್ದ ಒಂದು ವಸ್ತುವನ್ನು ತೋರಿಸಿದರು. "ಇದನ್ನೂ ದಯವಿಟ್ಟು ತೆಗೆದುಕೊಂಡು ಹೋಗಿಬಿಡಿ. ಜಾಗ ತಿನ್ನುತ್ತಿದೆ. ಕಸಕ್ಕೆ ಹಾಕಬೇಕಾದರೂ ನಾನೇ ದುಡ್ಡು ಕೊಡಬೇಕು" ಅಂದರು. ಮಗಳು ಚಾದರ ಸರಿಸಿದಳು. ಗಟ್ಟಿ ಮಾಡು. ಒಂದು ಗೀರೂ ಇರಲಿಲ್ಲ. ಅವಳು ಸುಮ್ಮನಾದಳು. ಮೆಕ್ಯಾನಿಕ್ ತನ್ನ ಸಾಮಾನು ಜೋಡಿಸುವುದರಲ್ಲಿ ಮಗ್ನನಾದ.

ಆಕೆ ಮುಂದುವರಿದು, "ಆರು ಸಾವಿರ ಹೆಚ್ಚಾಯಿತೇನೋ. ನನ್ನ ತಮ್ಮನ ಮಗ ಹಳೆಯ ಕಾರುಗಳ ಯಾವುದೋ ಪಟ್ಟಿ ನೋಡಿ ಹೇಳಿದ. ನೀವು ತಿಳಿದವರು, ಸರಿಯಾದ ಬೆಲೆಯೇ?" ಎಂದು ಕೇಳಿದರು.

ಕೇಳದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! "ನಾಳೆ ಫೋನ್ ಮಾಡ್ತೀನಿ" ಎಂದು ಹೇಳಿ ಮಗಳು ಹೊರಟುಬಂದಳು.

ಆ ರಾತ್ರಿ ಊಟದ ಮೇಜಿನ ಮೇಲೆ ದೊಡ್ಡ ಚರ್ಚೆ. ಅಳಿಯಂದಿರ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಬೆಲೆ ಹೇಳಿದವರು ಆಕೆ. ಯಾರೂ ಬಲವಂತ ಮಾಡಿಲ್ಲ, ಸುಳ್ಳು ಹೇಳಿಲ್ಲ. ಹಳೆಯ ಕಾರೆಂದರೆ ನಾಳೆ ಇನ್ನೇನು ಕೆಡುವುದೋ, ಆ ಹೊರೆ ಕೊಂಡವರದೇ. ಇವಳು ತಿಂಗಳುಗಟ್ಟಲೆ ಕೂತು ಕಲಿತದ್ದಕ್ಕೆ ಬೆಲೆ ಇಲ್ಲವೇ? "ಅತ್ತೆ, ನೀವೇ ಹೇಳಿ. ತರಕಾರಿಯವಳು ಕಡಿಮೆ ಹೇಳಿದರೆ ನೀವು ಜಾಸ್ತಿ ಕೊಡ್ತೀರಾ?" ಎಂದು ನನ್ನನ್ನೂ ಎಳೆದರು. ಮಗಳು ಲೆಕ್ಕ ಮುಂದಿಟ್ಟಳು. 11,500ರಲ್ಲಿ ರಿಪೇರಿಯ 2,500 ಕಳೆದರೆ 9,000. ಅದು ನ್ಯಾಯದ ಬೆಲೆ. ಅಷ್ಟು ಕೊಟ್ಟು ಮೇಲೆ ರಿಪೇರಿ ಮಾಡಿಸಲು ಅವಳ ಹತ್ತಿರ ದುಡ್ಡಿಲ್ಲ. ಆರು ಸಾವಿರಕ್ಕಾದರೆ ಎಲ್ಲ ಸೇರಿ 8,500, ಕೂಡಿಟ್ಟದ್ದರೊಳಗೇ ಮುಗಿಯುತ್ತದೆ. ಹೇಳಿದರೆ ಕಾರು ಕೈಬಿಟ್ಟಂತೆ. "ಆದರೆ ಅವರು ನನ್ನನ್ನ ಕೇಳಿದ್ರಲ್ಲ" ಎಂದು ಅಲ್ಲಿಗೇ ಬಂದು ನಿಲ್ಲುತ್ತಿದ್ದಳು.

ನಾನು ನಮ್ಮ ಅತ್ತೆಯವರ ಸೀರೆಯ ಕಥೆ ಹೇಳಿದೆ. ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುತ್ತ ಬೀದಿಬೀದಿ ತಿರುಗುವವರು ನಿಮ್ಮೂರಿನಲ್ಲೂ ಇದ್ದಿರಬೇಕು. ಎಂಬತ್ತರ ದಶಕದಲ್ಲಿ ಒಂದು ಮಧ್ಯಾಹ್ನ ಅತ್ತೆ ತಮ್ಮ ಮದುವೆಯ ಸೀರೆ ಕೊಟ್ಟು ಎರಡು ಬಕೆಟ್ಟು, ಒಂದು ಡಬರಿ ತಗೊಂಡರು. ರೇಷ್ಮೆ ಪಿಸಿದು ಹೋಗಿತ್ತು, ಉಡುವಂತಿರಲಿಲ್ಲ. ಬಕೆಟ್ಟು ಚೆನ್ನಾಗಿಯೇ ಇದ್ದವು. ಆ ಕಾಲದ ಜರಿ ಬೆಳ್ಳಿಯ ಎಳೆ, ಸುಟ್ಟರೆ ಬೆಳ್ಳಿ ಬರುತ್ತದೆ ಎಂದು ತಿಳಿದದ್ದು ಆಮೇಲೆ. ಅತ್ತೆಗೆ ಬೆಳ್ಳಿ ಹೋದದ್ದು ಅಷ್ಟು ನೋಯಲಿಲ್ಲ. "ಇದರಲ್ಲಿ ಏನಾದ್ರೂ ಬರತ್ತೇನಮ್ಮಾ ಅಂತ ನಾನು ಕೇಳಿದೆ. ಏನೂ ಇಲ್ಲ ತಾಯಿ, ಒರೆಸೋ ಬಟ್ಟೆಗೆ ಆಗತ್ತೆ ಅಂದ್ಲು" ಎಂದು ಕೊನೆಯವರೆಗೂ ಹೇಳುತ್ತಿದ್ದರು. ಆ ಬಕೆಟ್ಟುಗಳಲ್ಲಿ ನೀರು ತುಂಬಿಸುವಾಗೆಲ್ಲ ಹೇಳುತ್ತಿದ್ದರು.

ಅಳಿಯಂದಿರು ಏನೂ ಹೇಳಲಿಲ್ಲ. ತರಕಾರಿಯ ಪ್ರಶ್ನೆಗೆ ನಾನೂ ಉತ್ತರ ಕೊಡಲಿಲ್ಲ. ತರಕಾರಿಯವಳಿಗೆ ತರಕಾರಿಯ ಬೆಲೆ ನನಗಿಂತ ಚೆನ್ನಾಗಿ ಗೊತ್ತು, ಅಷ್ಟೇ ಅದರ ಉತ್ತರ.

ಮಾರನೆಯ ದಿನ ಮಗಳು ತನ್ನ ಪಟ್ಟಿ, ಮೆಕ್ಯಾನಿಕ್ಕನ ಲೆಕ್ಕ ಎರಡನ್ನೂ ಹಿಡಿದು ಆಕೆಯ ಮನೆಗೇ ಹೋದಳು, ಜೊತೆಗೆ ನಾನು. ಮಾಡು ಎಷ್ಟಕ್ಕೆ ಹೋಗುತ್ತದೆ, ಹಸಿರಿನದಕ್ಕೆ ಏಕೆ ಹೆಚ್ಚು, ಯಾವ ರಿಪೇರಿಗೆ ಎಷ್ಟು ಕಳೆಯಬೇಕು ಎಲ್ಲ ಹೇಳಿದಳು. ತನ್ನ ಹತ್ತಿರ ಎಷ್ಟಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಆಕೆ ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದಿದರು. ಸಿಟ್ಟಾದಂತೆ ಕಂಡರು. ತಮ್ಮನ ಮಗನ ಮೇಲೋ, ಇದೊಂದನ್ನೂ ಹೇಳದೆ ಹೋದ ಗಂಡನ ಮೇಲೋ ತಿಳಿಯಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದರು, ಅಷ್ಟೇ.

ಐದು ದಿನ ಫೋನಿಲ್ಲ. ಮಗಳು ಆ ಮಾತೆತ್ತಲಿಲ್ಲ. ಅಳಿಯಂದಿರು ಎತ್ತಲಿಲ್ಲ, ಅದು ಅವರ ದೊಡ್ಡ ಗುಣ. ಆರನೆಯ ದಿನ ಫೋನ್ ಬಂತು. ಆಕೆ ಗಟ್ಟಿ ಮಾಡನ್ನು ಇನ್ಯಾರಿಗೋ 2,200ಕ್ಕೆ ಮಾರಿಬಿಟ್ಟಿದ್ದರು! ಇನ್ನುಳಿದ ಕಾರು 7,000ಕ್ಕೆ ಬೇಕಾದರೆ ನಿಮ್ಮದು, ಎಂಟು ಕೊಡುವವರು ಒಬ್ಬರಿದ್ದಾರೆ, ಆದರೆ ಅವನು ಬಣ್ಣ ಬದಲಾಯಿಸುತ್ತೇನೆ ಅಂದ, ನನಗೆ ಇಷ್ಟವಾಗಲಿಲ್ಲ ಎಂದರು. ಅಳಿಯಂದಿರು ಗಟ್ಟಿಯಾಗಿ ನಕ್ಕರು. "ನೀನು ಹೇಳಿಕೊಟ್ಟ ಪಾಠಕ್ಕೆ ನಮ್ಮ ತಲೆ ಮೇಲಿನ ಸೂರೇ ಹೋಯ್ತು ನೋಡು" ಅಂದರು. ಕೂಡಿಟ್ಟದ್ದಕ್ಕಿಂತ 500 ಹೆಚ್ಚಾಗುತ್ತಿತ್ತು, ಅದನ್ನು ಹುಟ್ಟುಹಬ್ಬಕ್ಕೆಂದು ತಾವೇ ಕೊಟ್ಟರು.

ಪೆನ್ಸಿಲ್ವೇನಿಯಾದಲ್ಲಿ ಕಾರಿನ ಪತ್ರಕ್ಕೆ ಮಾರುವವರು ನೋಟರಿಯ ಮುಂದೆ ಸಹಿ ಹಾಕಬೇಕು. ಕೊಟ್ಟ ಬೆಲೆಗೆ ಶೇಕಡಾ 6 ತೆರಿಗೆ, ಅಂದರೆ ಇನ್ನೂ 420. ಆಕೆ ಚೆಕ್ಕನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ನೋಟುಪುಸ್ತಕವನ್ನು ಕೊಡಲೋ ಬೇಡವೋ ಎಂದು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದು, ಆಮೇಲೆ ಕೊಟ್ಟರು.

ಟಯರು, ಬೆಲ್ಟು, ಹೊಸ ಬಟ್ಟೆಯ ಮಾಡು ಎಲ್ಲ ಆಯಿತು. ನನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆದಳು. ನೆಲಕ್ಕೆ ಅಷ್ಟು ಹತ್ತಿರ ಕೂತು ನಾನು ಯಾವ ವಾಹನದಲ್ಲೂ ಹೋದವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಕೂತಿದ್ದೆ.

ವಿಮೆ ಮಾಡಿಸುವಾಗ ಇನ್ನೊಂದು ಪ್ರಶ್ನೆ ಬಂತು. ಇಂಥ ಕಾರುಗಳಿಗೆ ವರ್ಷವರ್ಷ ಬೆಲೆ ಇಳಿಸುತ್ತ ಹೋಗುವ ಮಾಮೂಲು ವಿಮೆ ಇಲ್ಲ. ಇದರ ಬೆಲೆ ಎಷ್ಟು ಎಂದು ಒಡೆಯರೇ ಹೇಳಬೇಕು, ಕಂಪನಿ ಒಪ್ಪಿದರೆ ಅದೇ ಬೆಲೆ. ಕಡಿಮೆ ಬರೆದರೆ ಕಂತು ಕಡಿಮೆ, ಅಪಘಾತವಾದರೆ ನಷ್ಟ. ಹೆಚ್ಚು ಬರೆದರೆ ವರ್ಷವರ್ಷ ಸುಮ್ಮನೆ ತೆತ್ತಂತೆ. ಮಗಳು ಮೇಜಿನ ಮುಂದೆ ಕೂತು 7,000 ಎಂದು ಬರೆದಳು, ಹೊಡೆದುಹಾಕಿದಳು. 2,500 ಕೂಡಿ 9,500 ಎಂದು ಬರೆದಳು. ಅಳಿಯಂದಿರು ಹಿಂದಿನಿಂದ ಬಗ್ಗಿ ನೋಡಿ, "ಇದೇನು, ಒಂದು ಪೈಸೆಯೂ ಲಾಭ ಇಲ್ಲವಲ್ಲ" ಅಂದರು. "ನಷ್ಟನೂ ಇಲ್ಲ" ಎಂದು ಮಗಳು ಸಹಿ ಹಾಕಿ ಲಕೋಟೆಗೆ ಹಾಕಿದಳು. ಆ ತೆರಿಗೆಯ 420 ಮಾತ್ರ ಯಾವ ಲೆಕ್ಕಕ್ಕೂ ಸೇರಲಿಲ್ಲ.